ಎಂಜಿನಿಯರ್ ದೊಡ್ಡಪ್ಪನ ಸ್ಲೈಡ್ ಪೆಟ್ಟಿಗೆ: ಒಂದೇ ಒರತೆದು ಇಷ್ಟೊಂದು ಫೋಟೋ ಎಂತಕ್ಕೆ?

ತೀರ್ಥಹಳ್ಳಿ_ಕಡೆಯವಳು:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ಬಹುದು, ತಾಳ್ಮೆಯಿಂದ ಓದಿ ಹೇಳಿ. ನಮ್ಮ ದೊಡ್ಡಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡ್ರು. ಸರ್ಕಾರಿ ಎಂಜಿನಿಯರ್ ಆಗಿದ್ದೋರು, ಕೆರೆ ಹೂಳು, ತೂಬು, ಕೋಡಿ, ಒಡ್ಡು ಅಂತ ಸರ್ವಿಸ್ ಪೂರ್ತಿ ನೀರು ನಿಲ್ಸೋ ಕೆಲಸನೇ ಮಾಡಿದ್ದು. ಭಾನುವಾರ ಬಂತು ಅಂದ್ರೆ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಕಾನು, ಅಂದ್ರೆ ದಟ್ಟ ಕಾಡು, ಹತ್ತೋರು. ಮಂಡಗದ್ದೆಲಿ ತುಂಗೆ ನಡುವಿನ ಮರದ ಮೇಲೆ ಬೆಳ್ಳಕ್ಕಿ ಗೂಡು ಕಟ್ಟಿದ್ದು, ಗುಡವಿ ಕೆರೆಯ ಬಿಳಿ ಕೆಂಬರಲು, ಇವನ್ನೆಲ್ಲ ಗೋಡೆಗೆ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರಲ್ಲಿ ತೋರಿಸ್ತಿದ್ರು, ನಮ್ಮ ಬಾಲ್ಯದ ದೊಡ್ಡ ಸಂಭ್ರಮ ಅದು.

ಈಗ ಅವರ ಅಲ್ಮೇರಾ ತೆಗೆದ್ವಿ. ಅದರೊಳಗೆ ವರ್ಷಪೂರ್ತಿ ಒಂದು ಜೀರೋ ಬಲ್ಬ್ ಉರೀತಿತ್ತು, ಅವರು ಆಸ್ಪತ್ರೆ ಸೇರಿದ ಮೇಲೆ ಯಾರೋ ಆರಿಸಿಬಿಟ್ಟಿದಾರೆ. ಸಾವಿರಕ್ಕೂ ಮೇಲೆ ಸ್ಲೈಡ್ ಇದಾವೆ. ಎರಡು ಪೆಟ್ಟಿಗೆ ಪೂರ್ತಿ ನೋಡಿದ್ರೆ ಅದರಲ್ಲಿ ಹಕ್ಕಿ ಇಲ್ಲ, ಪ್ರಾಣಿ ಇಲ್ಲ. ನಮ್ಮ ಹಳೇ ಮನೆ ಮೇಲಿನ ಅಬ್ಬಿ ಹಳ್ಳ (ಗುಡ್ಡದ ಒರತೆ ನೀರು ಹರಿಯೋದು), ಅದೇ ಬಂಡೆ, ಅದೇ ಸೊಟ್ಟ ಮರ, ನೀರಿಗೆ ಅಡ್ಡ ಒಂದು ತಗಡು, ತಗಡಿನ ನಡುವೆ ಮೂಲೆ ಥರ ಕತ್ತರಿಸಿದಾರೆ, ಅದರ ಒಂದೆರಡು ಅಡಿ ಹಿಂದೆ ನೀರಲ್ಲಿ ಸ್ಟೀಲ್ ಸ್ಕೇಲ್ ನಿಲ್ಲಿಸಿದಾರೆ. ಇದೇ ಫೋಟೋ 60-70 ಸಲ! ಸ್ಲೈಡಿನ ಚೌಕಟ್ಟು, ಅಂದ್ರೆ ಮೌಂಟ್ ಮೇಲೆ ಪೆನ್ಸಿಲಲ್ಲಿ "ಅ-4, 75, 12-2-89", "ಅ-4, 40, 21-5-89", "ಅ-4, 110, 19-11-89" ಹಿಂಗೆಲ್ಲ ಬರೆದಿದಾರೆ. ಜೊತೆಗೊಂದು ಕೆಂಪು ರಟ್ಟಿನ ಲೆವೆಲ್ ಬುಕ್ (ಸರ್ವೆ ಅಳತೆ ಬರೆಯೋ ಪುಸ್ತಕ) ಇದೆ, ಅದರಲ್ಲಿ "ಬಿ.ಎಂ. 2 ಇಂದ ಎಡಕ್ಕೆ 3 ಅಡಿ, ಕಾಲು ಪೂರ್ತಿ" ಅಂತಿದೆ.

ಅಣ್ಣ ಹೇಳೋದು ಹಕ್ಕಿದು ಮಾತ್ರ ಸ್ಕ್ಯಾನ್ ಮಾಡ್ಸಿ ಉಳಿದಿದ್ದು ಒಲೆಗೆ ಹಾಕಣ ಅಂತ. ನನಗೆ ಮನಸ್ಸು ಬರ್ತಿಲ್ಲ. ಕೆಲವಕ್ಕೆ ಬಿಳೀ ಜೇಡರ ಬಲೆ ಥರ ಬೂಸ್ಟು ಬೇರೆ ಬಂದಿದೆ. ಎಂತ ಮಾಡದು? ಅವರು ಎಂತಕ್ಕೆ ಹಿಂಗೆ ತೆಗೆದಿದ್ರು ಯಾರಿಗಾದ್ರೂ ಗೊತ್ತಾ?

ಫಿಲ್ಮ್_ಕಾಲದವ:
ಮೇಡಂ ಮೊದಲು ಆ ಬಲ್ಬ್ ಹಚ್ಚಿ, ಆಮೇಲೆ ಬಾಕಿ ಮಾತು. ಮಲೆನಾಡಲ್ಲಿ ಫಿಲ್ಮ್ ಇಟ್ಕೊಂಡೋರೆಲ್ಲ ಮಾಡ್ತಿದ್ದ ಉಪಾಯ ಅದು, ಒಳಗೆ ಸ್ವಲ್ಪ ಬಿಸಿ ಇದ್ರೆ ತೇವ ಹಿಡಿಯಲ್ಲ. ಫಿಲ್ಮ್ ಮೇಲಿನ ಪದರ ಜೆಲಟಿನ್, ಅಂದ್ರೆ ಮೂಳೆ ಚರ್ಮದಿಂದ ತೆಗೆದ ಅಂಟು, ಬೂಸ್ಟಿಗೆ ಅದೇ ಊಟ. ಆರಿದ್ರಾ ಪುನರ್ವಸು ಜಡಿಮಳೇಲಿ ಒಂದು ತಿಂಗಳು ಬಟ್ಟೆ ಒಣಗದ ಊರಲ್ಲಿ ಬಲ್ಬ್ ಆರಿಸಿ ಬಾಗಿಲು ಹಾಕಿಟ್ರೆ ಬೂಸ್ಟ್ ಬಾರದೆ ಇನ್ನೇನು.

ದಯವಿಟ್ಟು ನೀರು ಮುಟ್ಟಿಸ್ಬೇಡಿ. ಬೂಸ್ಟ್ ತಿಂದ ಜಾಗದ ಜೆಲಟಿನ್ ನೀರಲ್ಲಿ ಕರಗೋ ಹಂಗೆ ಆಗಿರುತ್ತೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಚಿತ್ರನೇ ಎದ್ದು ಬರುತ್ತೆ. ಇದನ್ನ ನಾನು ಅನುಭವಿಸಿ ಹೇಳ್ತಿದೀನಿ, ನನ್ನ ಅಪ್ಪ ಜೋಗದಲ್ಲಿ ತೆಗೆದ 40 ಸ್ಲೈಡ್ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ, ಅಲ್ಲಿನ ಹುಡುಗ ಸ್ವಚ್ಛ ಮಾಡ್ತೀನಿ ಅಂತ ಒದ್ದೆ ಸ್ಪಂಜಲ್ಲಿ ಉಜ್ಜಿ ಕೊಟ್ಟ, ರಾಜಾ ರಾಣಿ ರೋರರ್ ರಾಕೆಟ್ ನಾಲ್ಕೂ ಹೋಯ್ತು, ಬರೀ ಹಸಿರು ಕಲೆ ಉಳೀತು. ಇವತ್ತಿಗೂ ಹೊಟ್ಟೆ ಉರಿಯುತ್ತೆ. ನೀವು ಗಾಳಿ ಬ್ಲೋವರಲ್ಲಿ ಧೂಳು ಹಾರಿಸಿ, ಆಮೇಲೆ ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಒಂದು ಚೂರು ಹಾಕಿ ಮೆಲ್ಲಗೆ ಒರೆಸಿ, ಮೊದಲು ಬೇಡದ ಒಂದು ಸ್ಲೈಡ್ ಮೇಲೆ ಟ್ರೈ ಮಾಡಿ. ತಿಂದು ಹೋದ ಚಿತ್ರ ವಾಪಸ್ ಬರಲ್ಲ, ಮುಂದೆ ಹರಡೋದು ನಿಲ್ಲುತ್ತೆ ಅಷ್ಟೆ. ಒಣಗಿದ ಮೇಲೆ ಸಿಲಿಕಾ ಜೆಲ್ ಹಾಕಿ ಗಾಳಿ ಆಡದ ಡಬ್ಬೀಲಿಡಿ.

ಸ್ಕ್ಯಾನ್‌ಗೆ ದುಡ್ಡು ಸುರಿಯೋದು ಬೇಡ, ಮ್ಯಾಕ್ರೋ ಲೆನ್ಸ್ ಇರೋ ಡಿಜಿಟಲ್ ಕ್ಯಾಮೆರಾ, ಹಿಂದೆ ಒಂದು ಒಳ್ಳೇ ಬಿಳಿ ಎಲ್‌ಇಡಿ ಪ್ಯಾನೆಲ್ ಇದ್ರೆ ಮನೇಲೇ ದಿನಕ್ಕೆ ನೂರಿನ್ನೂರು ಸ್ಲೈಡ್ ಕಾಪಿ ಮಾಡ್ಬಹುದು. ಮೌಂಟ್ ಮೇಲೆ ಬರೆದಿದ್ದನ್ನೂ ಒಂದು ಫೋಟೋ ತೆಗೀರಿ, ಪೆನ್ಸಿಲ್ ಅಕ್ಷರ ಅಳಿಸಿ ಹೋದ್ರೆ ಸ್ಲೈಡ್ ಅನಾಥ ಆಗುತ್ತೆ. ಹಳ್ಳದ ಫೋಟೋ ಎಂತಕ್ಕೆ ಅಂತ ನನಗೆ ಗೊತ್ತಿಲ್ಲ, ಆದ್ರೆ ಸ್ಲೈಡ್ ಫಿಲ್ಮ್ ಆಗ ಎಷ್ಟು ದುಬಾರಿ ಇತ್ತು ಅಂತ ಗೊತ್ತು, ಸುಮ್ಸುಮ್ನೆ 70 ಫ್ರೇಮ್ ಯಾರೂ ಕಳೀತಿರಲಿಲ್ಲ.

ನಿವೃತ್ತ_ಜೆಇ_ಸಾಗರ:
ಓದಿ ಮೈ ಜುಮ್ ಅಂತು ಕಣಮ್ಮ. ಒಲೆಗೆ ಹಾಕ್ಬೇಡಿ, ಹಾಕ್ಲೇಬೇಡಿ. ಹಕ್ಕಿ ಫೋಟೋಗಿಂತ ದೊಡ್ಡದು ಆ ಎರಡು ಪೆಟ್ಟಿಗೆ.

ಆ ತಗಡು ವಿ-ನಾಚ್. 90 ಡಿಗ್ರಿ ಮೂಲೆ ಕತ್ತರಿಸಿ ಹಳ್ಳಕ್ಕೆ ಅಡ್ಡ ನಿಲ್ಸಿದ್ರೆ, ಮೂಲೆಯ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ನೋಡಿ ಸೆಕೆಂಡಿಗೆ ಎಷ್ಟು ಲೀಟರ್ ಹರೀತಿದೆ ಅಂತ ಹೇಳ್ಬಹುದು. ನಾಚ್ ಹತ್ರ ನೀರು ಬಾಗಿ ಇಳಿಯುತ್ತಲ್ಲ, ಅಲ್ಲಿ ಅಳೆದ್ರೆ ತಪ್ಪು ಬರುತ್ತೆ, ಅದಕ್ಕೇ ಸ್ಕೇಲ್ ಹಿಂದೆ ನಿಲ್ಲಿಸಿದಾರೆ. ಎತ್ತರನ ಮೀಟರಲ್ಲಿ ತಗೊಂಡು ಎರಡೂವರೆ ಘಾತಕ್ಕೆ ಏರಿಸಿ 1.38 ಇಂದ ಗುಣಿಸಿದ್ರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಬರುತ್ತೆ. ನಿಮ್ಮ "75" ಅಂದ್ರೆ 75 ಮಿಲಿಮೀಟರ್. ಲೆಕ್ಕ ಹಾಕಿದೆ, 1989ರ ಫೆಬ್ರವರೀಲಿ ನಿಮ್ಮ ಅಬ್ಬಿ ಸೆಕೆಂಡಿಗೆ 2.1 ಲೀಟರ್ ಹರೀತಿತ್ತು. ನವೆಂಬರಲ್ಲಿ 5.5. ಮೇ ತಿಂಗಳ ಆ 40 ಇದೆಯಲ್ಲ, ಅದು 0.44, ಕಡು ಬೇಸಿಗೇಲೂ ದಿನಕ್ಕೆ 38 ಸಾವಿರ ಲೀಟರ್! ಎತ್ತರ ಅರ್ಧ ಆದ್ರೆ ನೀರು ಅರ್ಧ ಅಲ್ಲ, ಐದನೇ ಒಂದು ಪಾಲಿಗಿಂತಲೂ ಕಮ್ಮಿ ಆಗುತ್ತೆ, ಅದಕ್ಕೇ ಅವರು ಕಣ್ಣಂದಾಜಿಗೆ ಬಿಡದೆ ಸ್ಕೇಲ್ ಕಾಣೋ ಹಂಗೆ ಫೋಟೋ ತೆಗೆದಿದ್ದು. "ಅ-4" ನಾಲ್ಕನೇ ಅಬ್ಬಿ ಇರ್ಬೇಕು, ಹಂಗಾದ್ರೆ 1, 2, 3 ಎಲ್ಲೋ ಇದಾವೆ, ಹುಡುಕಿ.

ಬಿ.ಎಂ. ಅಂದ್ರೆ ಬೆಂಚ್ ಮಾರ್ಕ್. ಬಂಡೆ ಮೇಲೆ ಉಳೀಲಿ ಕೊರೆದ ಗುರುತು ಇರುತ್ತೆ, ಅಲ್ಲಿಂದ 3 ಅಡಿ ಎಡಕ್ಕೆ ಟ್ರೈಪಾಡ್, ಅದರ ಕಾಲು ಪೂರ್ತಿ ಎಳೆದು. ಪ್ರತಿ ಸಲ ಅದೇ ಜಾಗದಿಂದ ಅದೇ ಎತ್ತರದಿಂದ ತೆಗೆದ್ರೆ ಮರ ಎಷ್ಟು ಬೆಳೀತು, ದಂಡೆ ಎಷ್ಟು ಕುಸೀತು, ಎಲ್ಲ ಹೋಲಿಸ್ಬಹುದು.

ಇನ್ನೊಂದು. ನೀವು ಕೊಟ್ಟ ಮೂರೂ ತಾರೀಕು ಕ್ಯಾಲೆಂಡರಲ್ಲಿ ನೋಡಿದೆ, ಮೂರೂ ಭಾನುವಾರ. ಇದು ಆಫೀಸ್ ಕೆಲಸ ಅಲ್ಲ ಕಣಮ್ಮ. ನಾವು ಆಫೀಸಲ್ಲಿ ಒಡ್ಡು ಕಟ್ಟಿದ ಮೇಲೆ ಒಂದು ಫೋಟೋ ತೆಗೆದು ಬಿಲ್ಲಿಗೆ ಲಗತ್ತಿಸ್ತಿದ್ವಿ, ಮುಗೀತು. ಅದೇ ಒಡ್ಡು ಐದು ವರ್ಷದ ಮೇಲೆ ನೀರು ಹಿಡೀತಾ ಇಲ್ವಾ ಅಂತ ಹಿಂದಿರುಗಿ ನೋಡಿದ್ದು ನನ್ನ ಸರ್ವಿಸಲ್ಲಿ ಎರಡೇ ಸಲ, ಅದು ನನಗೆ ಈಗಲೂ ಚುಚ್ಚುತ್ತೆ.

ಕಪ್ಪೆ_ಹಿಂದೆ:
ಅಕ್ಕ ಒಂದು ಪ್ರಶ್ನೆ, ಆ ಪೆಟ್ಟಿಗೆಗಳ ಅಕ್ಕಪಕ್ಕ ಕಪ್ಪೆ ಸ್ಲೈಡ್ ಏನಾದ್ರೂ ಇದಾವಾ? ಬಂಡೆ ಮೇಲೆ ಕೂತು ಹಿಂಗಾಲು ಚಾಚಿರೋ ಸಣ್ಣ ಕಂದು ಕಪ್ಪೆ? ಯಾಕೆ ಕೇಳ್ತೀನಂದ್ರೆ ಕುಣಿಯೋ ಕಪ್ಪೆ ಅಂತೀವಲ್ಲ, ಗಂಡು ಒಂದು ಕಾಲು ಎತ್ತಿ ಬೀಸುತ್ತೆ, ಹಳ್ಳದ ಸದ್ದಲ್ಲಿ ಕೂಗು ಕೇಳಲ್ಲ ಅಂತ ಕಾಲಲ್ಲೂ ಮಾತಾಡೋದು. ಕೊಟ್ಟಿಗೆಹಾರದ ಹೆಸರಿರೋ ಜಾತಿನ 1937ರಲ್ಲೇ ಬೆಂಗಳೂರಿನ ಸಿ.ಆರ್. ನಾರಾಯಣರಾವ್ ಅವರು ವಿವರಿಸಿದ್ರು, 2014ರಲ್ಲಿ ಪಶ್ಚಿಮ ಘಟ್ಟದಿಂದ ಒಂದೇ ಸಲ 14 ಹೊಸ ಕುಣಿಯೋ ಕಪ್ಪೆ ಜಾತಿ ಬೆಳಕಿಗೆ ಬಂತು. ಮಳೆ ಇಳಿದು ಹಳ್ಳ ತಿಳಿಯಾದ ಮೇಲೆ ಹೆಣ್ಣು ಹರಿಯೋ ನೀರಿನ ತಳದಲ್ಲಿ ಹಿಂಗಾಲಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತೆ. ಹಳ್ಳ ಬೇಗ ಬತ್ತಿದ್ರೆ ಆ ವರ್ಷದ ಮರಿಗಳ ಕತೆ ಅಷ್ಟೆ. ಅಂದ್ರೆ ಈ ಕಪ್ಪೆ ತುಂಬ ಇದೆ ಅಂದ್ರೆ ಅಲ್ಲಿ ನೀರು ನಂಬಿಗಸ್ತ ಅಂತ. ನಿಮ್ಮ ದೊಡ್ಡಪ್ಪಂಗೆ ಇದು ಗೊತ್ತಿರದೆ ಇರಲ್ಲ ಅನ್ಸುತ್ತೆ.

ತೋಟ_ಹೊಸನಗರ:
ಎಲ್ಲ ಸರಿ, ಆದ್ರೆ ಈಗ ಆ ಅಬ್ಬಿ ಹರೀತಿದೆಯಾ? ನಮ್ಮ ಕಡೆ ದಂಬೆ (ಸೀಳಿದ ಅಡಿಕೆ ಮರದ ಕಾಲುವೆ) ಹಾಕಿ ಅಡುಗೆ ಮನೆವರೆಗೆ ನೀರು ತಂದಿದ್ದ ಅಬ್ಬಿಗಳು ಈಗ ಮಾರ್ಚಿಗೇ ಬಂದ್. ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬರುತ್ತೆ, ನಮ್ಮಲ್ಲಿ 3,000 ಅಂತ ಹಿಡಿದ್ರೂ ಒಂದು ಎಕರೆ ಮೇಲೆ 1.2 ಕೋಟಿ ಲೀಟರ್ ಬೀಳುತ್ತೆ, ಆದ್ರೂ ಏಪ್ರಿಲಲ್ಲಿ ಟ್ಯಾಂಕರ್. ಬತ್ತಿದ್ರೆ ಮೇಲಿನ ಗುಡ್ಡಕ್ಕೆ ಜೆಸಿಬಿ ತಂದು ಒಂದಷ್ಟು ಇಂಗುಗುಂಡಿ ಹೊಡೆಸಿ, ಎರಡು ವರ್ಷದಲ್ಲಿ ವಾಪಸ್ ಬರುತ್ತೆ.

ನಿವೃತ್ತ_ಜೆಇ_ಸಾಗರ:
ಸ್ವಾಮಿ, ಇದೊಂದು ಮಾತಿಗೆ ನಾನು ಒಪ್ಪಲ್ಲ. ಬಯಲುಸೀಮೆ ಲೆಕ್ಕ ಘಟ್ಟಕ್ಕೆ ತರಬೇಡಿ. ನಮ್ಮ ಗುಡ್ಡದಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು, ಒದ್ದೆ ಆದ್ರೆ ಹಿಟ್ಟಿನ ಥರ ಜಾರುತ್ತೆ. ಕಡಿದಾದ ಇಳಿಜಾರಲ್ಲಿ ಜೆಸಿಬಿ ಗುಂಡಿ ಹೊಡೆದು ಜುಲೈ ಮಳೆ ಪೂರ್ತಿ ಒಳಗೆ ತುಂಬಿಸಿದ್ರೆ ಗುಡ್ಡನೇ ಕೆಳಗೆ ಬರ್ಬಹುದು. ಮನೆ ಇದೆ ಕೆಳಗೆ. ಇಳಿಜಾರು ಕಮ್ಮಿ ಇರೋ ಬೇಣದಲ್ಲಿ (ಹುಲ್ಲುಗಾವಲಲ್ಲಿ) ಸಮಪಾತಳಿಗೆ ಸಣ್ಣ ಅಗಳ (ಕಂದಕ) ಮಾಡ್ಬಹುದು, ಹಳ್ಳಕ್ಕೆ ಡಿಸೆಂಬರಲ್ಲಿ ಕಲ್ಲು ಮಣ್ಣಿನ ಕಟ್ಟ ಹಾಕ್ಬಹುದು. ಕಡಿದಾದ ಕಡೆ ಕಾಡು ಬಿಡಬೇಕು, ದರಗು (ಒಣಗಿದ ಎಲೆ) ಗುಡಿಸಿ ತರೋದು ನಿಲ್ಲಿಸ್ಬೇಕು. ನೆಲದ ಮೇಲೆ ಎಲೆ ಹಾಸು ಇದ್ರೆ ನೀರು ನಿಧಾನ ಒಳಗೆ ಹೋಗುತ್ತೆ, ಬರೀ ನೆಲ ಆದ್ರೆ ಕೆಂಪಾಗಿ ಕೊಚ್ಚಿ ಹೋಗುತ್ತೆ.

ತೋಟ_ಹೊಸನಗರ:
ಶೇಡಿ ಮಣ್ಣಿನ ವಿಷಯ ನನ್ನ ತಲೇಲಿ ಇರಲಿಲ್ಲ, ಒಪ್ಪಿದೆ. ನಮ್ಮದು ಬೇಣ, ಅಷ್ಟು ಕಡಿದಿಲ್ಲ.

ತೀರ್ಥಹಳ್ಳಿ_ಕಡೆಯವಳು:
ಎರಡು ವಾರ ಆಯ್ತು, ಈಗ ಬರೀತಿದೀನಿ. ಬಲ್ಬ್ ಹಚ್ಚಿದೀನಿ. ಅಣ್ಣಂಗೆ ಇಲ್ಲಿ ಬರೆದಿದ್ದೆಲ್ಲ ಓದಿ ಹೇಳ್ದೆ, ಅವನೇ ಅಟ್ಟ ಹತ್ತಿ ಅ-1, ಅ-2 ಪೆಟ್ಟಿಗೆ ಇಳಿಸಿದ. ಅ-3 ಇನ್ನೂ ಸಿಕ್ಕಿಲ್ಲ.

ಮೊನ್ನೆ ಭಾನುವಾರ ಇಬ್ಬರೂ ಲೆವೆಲ್ ಬುಕ್ ಹಿಡ್ಕೊಂಡು ಹತ್ತಿದ್ವಿ. ಬಂಡೆ ಮೇಲೆ ಪಾಚಿ ಕೆರೆದಾಗ ಉಳೀಲಿ ಕೊರೆದ ಕೂಡು (+) ಗುರುತು ಸಿಕ್ತು, ಬೆರಳು ಇಟ್ರೆ ಅಂಚು ಈಗಲೂ ಚೂಪು. 3 ಅಡಿ ಎಡಕ್ಕೆ ಟ್ರೈಪಾಡ್ ನಿಲ್ಸಿ ಕಾಲು ಪೂರ್ತಿ ಎಳೆದ್ವಿ. ದೊಡ್ಡಪ್ಪ ಆರಡಿ, ನನಗೆ ಕ್ಯಾಮೆರಾ ಎಟುಕಲಿಲ್ಲ, ಕಲ್ಲು ತಂದು ಹತ್ತಿ ನೋಡ್ದೆ. ಸೊಟ್ಟ ಮರ ಅದೇ ಜಾಗದಲ್ಲಿ ಬಂತು, ದಪ್ಪ ಆಗಿದೆ. ಅದರ ಹಿಂದೆ ಸ್ಲೈಡಲ್ಲಿ ಕಪ್ಪಗೆ ಕಾಣ್ತಿದ್ದ ಕಾನು ಇಲ್ಲ, ಅಕೇಶಿಯಾ ಸಾಲು.

ತಗಡು ತುಕ್ಕು ಹಿಡಿದು ಒಂದು ಕಡೆ ಒಡೆದಿದೆ, ಅದರಲ್ಲಿ ಅಳೆಯೋ ಹಂಗಿರಲಿಲ್ಲ. ನೀರು ಪೂರ್ತಿ ಒಂದು ಪೈಪಿಗೆ ತಿರುಗಿಸಿ 10 ಲೀಟರ್ ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿದ್ವಿ, ಮೂರು ಸಲಾನೂ 45-47 ಸೆಕೆಂಡ್. ಅಂದ್ರೆ ಸೆಕೆಂಡಿಗೆ 0.2 ಲೀಟರ್ ಚಿಲ್ಲರೆ. 1989ರ ಇದೇ ವಾರದಲ್ಲಿ 2.1. ಅಣ್ಣ ಬಕೆಟ್ ಕೆಳಗಿಟ್ಟು ತುಂಬ ಹೊತ್ತು ಮಾತಾಡಲಿಲ್ಲ.

ನಿವೃತ್ತ_ಜೆಇ_ಸಾಗರ:
ಬಕೆಟಲ್ಲಿ ಅಳೆದಿದ್ದು ಸರಿಯಾಯ್ತು, ಇಷ್ಟು ಕಮ್ಮಿ ನೀರಿಗೆ ಅದೇ ನಂಬಿಕೆಯ ಅಳತೆ. ಆದ್ರೆ ಒಂದು ದಿನದ ಅಳತೆ ಮೇಲೆ ಅಕೇಶಿಯಾನೇ ಕಾರಣ ಅಂತ ಬರೆದುಬಿಡ್ಬೇಡಿ. ಹೋದ ವರ್ಷದ ಮಳೆ ಎಷ್ಟು, ಮೇಲೆ ಯಾರ ಬೋರ್ ಇದೆ, ತೋಟ ಎಷ್ಟು ಹೆಚ್ಚಾಯ್ತು, ಅದನ್ನೂ ಬುಕ್ಕಲ್ಲಿ ಬರೀರಿ. ತಿಂಗಳಿಗೊಂದು ಅಳತೆ ಸಾಕು. ಹೊಸ ಪ್ಲೇಟ್ ಮಾಡ್ಸೋದಾದ್ರೆ ಸ್ಟೇನ್‌ಲೆಸ್ ಹಾಕ್ಸಿ, ಅಂಚು ಚೂಪಾಗಿರ್ಲಿ, ನೀರು ಅದರಿಂದ ಬಿಟ್ಟು ಬೀಳಬೇಕು.

ತೀರ್ಥಹಳ್ಳಿ_ಕಡೆಯವಳು:
ಪ್ಲೇಟ್ ವರ್ಕ್‌ಶಾಪಿಗೆ ಕೊಟ್ಟಾಯ್ತು. ಲೆವೆಲ್ ಬುಕ್ಕಲ್ಲಿ ಕೊನೆಯ 11 ಪುಟ ಖಾಲಿ ಇದೆ, ಅದರಲ್ಲೇ ಬರೆಯೋಕೆ ಶುರು ಮಾಡಿದೀವಿ. ಕಪ್ಪೆ_ಹಿಂದೆ ಅವರೆ, ಅ-2 ಪೆಟ್ಟಿಗೇಲಿ ನೀವು ಹೇಳಿದ ಕಪ್ಪೆ ಇದೆ, ಒದ್ದೆ ಬಂಡೆ ಮೇಲೆ ಎಡಗಾಲು ಪೂರ್ತಿ ಚಾಚಿದೆ, ಬೆರಳ ನಡುವಿನ ಪೊರೆ ಬೆಳಕಿಗೆ ಬೆಳ್ಳಗೆ ಕಾಣುತ್ತೆ, ಮೌಂಟ್ ಮೇಲೆ ನೀರಿನ ಅಂಕಿ ಜೊತೆ "ಕ-9" ಅಂತಿದೆ. ಒಂಬತ್ತು ಕಪ್ಪೆ ಎಣಿಸಿದ್ರು ಅಂತ ನನ್ನ ಊಹೆ. ನವೆಂಬರಲ್ಲಿ ಬರ್ತೀರಾ? ಉಳ್ಕೊಳ್ಳೋಕೆ ಮನೆ ಇದೆ.