ಪದಚರ್ಚೆ: ‘ಓವರ್‌ಬರ್ಡನ್’ ಎಂದರೆ ಮೇಲ್ಮಣ್ಣೋ, ಹೊರೆಯೋ, ಹೊದಿಕೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ಕಾಡುತ್ತಿದೆ. ಕುಮಟಾದಿಂದ ಶಿರಸಿಗೆ ಹತ್ತುವ ಘಟ್ಟದ ಬುಡದಲ್ಲಿ ಜೇಡಿಮಣ್ಣಿನ ಗಣಿ ತೆಗೆಯುವ ಪ್ರಸ್ತಾವವೊಂದಿದೆ. ಅದರಿಂದ ಸುತ್ತಲಿನ ಊರುಗಳಿಗೆ ಏನಾದೀತು ಎಂಬ ವರದಿಗೆ ಹತ್ತು ಪುಟದ ಕನ್ನಡ ಸಾರಾಂಶವಿದೆ. ‘ಮಾಸ್ತರ್ರೆ, ಇದನ್ನು ನಮಗೆ ತಿಳಿಯುವ ಕನ್ನಡಕ್ಕೆ ತಂದುಕೊಡಿ’ ಎಂದು ಊರಿನವರು ನನ್ನ ಕೈಗಿತ್ತರು. ಕನ್ನಡದಿಂದ ಕನ್ನಡಕ್ಕೆ ಅನುವಾದ!

ಇಂಗ್ಲಿಷಿನಲ್ಲಿ ಎರಡು ಬೇರೆ ಮಾತುಗಳಿವೆ: ಟಾಪ್‌ಸಾಯಿಲ್, ಓವರ್‌ಬರ್ಡನ್. ಮೊದಲನೆಯದು ಎಲೆ ಕೊಳೆತು ಕೂಡಿದ, ಬೇರು ಹಿಡಿಯುವ ಮಣ್ಣು. ನಮ್ಮ ಗುಡ್ಡದಲ್ಲಿ ಅದು ಗೇಣುದ್ದ ಸಿಕ್ಕರೆ ಪುಣ್ಯ. ಎರಡನೆಯದು ಅದರ ಕೆಳಗಿನಿಂದ ಹಿಡಿದು ಗಣಿಯವರಿಗೆ ಬೇಕಾದ ಜೇಡಿ ಸಿಗುವವರೆಗಿನ ಎಲ್ಲವೂ, ಅಂದರೆ ಕೆಮ್ಮಣ್ಣು, ಚಿರೆಕಲ್ಲು (ತೂತುತೂತಾದ ಕೆಂಪು ಜಂಬಿಟ್ಟಿಗೆ) ಎಲ್ಲ. ಗಣಿ ಮಾಡುವವರು ಇವೆರಡನ್ನೂ ಬೇರೆ ಬೇರೆ ರಾಶಿ ಹಾಕಬೇಕು. ಮೊದಲನೆಯದನ್ನು ಕಾದಿಟ್ಟು, ಗುಂಡಿ ಮುಚ್ಚಿದ ಮೇಲೆ ಹರಡಿ ಗಿಡ ನೆಡಬೇಕು. ಸಾರಾಂಶದಲ್ಲಿ ಮಾತ್ರ ಎರಡೂ ‘ಮೇಲ್ಮಣ್ಣು’. ಹೀಗಾಗಿ ಒಂದು ಪುಟದಲ್ಲಿ ಮೇಲ್ಮಣ್ಣನ್ನು ಜೋಪಾನ ಮಾಡುತ್ತೇವೆ ಎಂದಿದೆ, ಮುಂದಿನ ಪುಟದಲ್ಲಿ ಅದೇ ಮೇಲ್ಮಣ್ಣನ್ನು ಹಳ್ಳದ ಬದಿಗೆ ಸುರಿಯುತ್ತೇವೆ ಎಂದಿದೆ. ಓದಿದವರು ‘ಶುದ್ಧ ಸುಳ್ಳು’ ಎಂದರು. ಸುಳ್ಳಲ್ಲ, ಪದ ಸಾಲದೆ ಆದ ಎಡವಟ್ಟು.

ಮೊದಲು ‘ಅಧಿಭಾರ’ ಎಂದು ಬರೆದೆ, ನನಗೇ ನಗು ಬಂತು. ಆಮೇಲೆ ‘ಮೇಲ್ಹೊರೆ’. ಅದನ್ನು ಬಾವಿ ತೆಗೆಯುವ ಹಿರಿಯರೊಬ್ಬರಿಗೆ ಓದಿ ಹೇಳಿದೆ. ‘ಹೊರೆ ಅಂದ್ರೆ ಸೊಪ್ಪಿನ ಹೊರೆ, ಹುಲ್ಲಿನ ಹೊರೆ. ಗುಡ್ಡದ ತಲೆ ಮೇಲೆ ಇದನ್ನ ಯಾರು ಹೊರ್ಸಿದ್ದು ಮಾಸ್ತರ್ರೆ?’ ಎಂದರು. ನಾನು ಪೆನ್ನು ಕೆಳಗಿಟ್ಟೆ.

ಅವರ ಲೆಕ್ಕದಲ್ಲಿ ಗುಡ್ಡ ಹೀಗಿದೆ: ಮೇಲೆ ಮಣ್ಣು, ಅದರಡಿ ಚಿರೆಕಲ್ಲು, ಅದರಡಿ ಶೇಡಿ ಎಂಬ ಬಿಳಿ ಮಣ್ಣು, ಅದಕ್ಕೂ ಕೆಳಗೆ ಕರಿಕಲ್ಲು. ಚಿರೆಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿಯುತ್ತದೆ, ಶೇಡಿ ಅದನ್ನು ಕೆಳಗೆ ಬಿಡುವುದಿಲ್ಲ. ಎರಡೂ ಕೂಡುವ ಕಡೆ ನೀರು ಪಕ್ಕಕ್ಕೆ ಹರಿದು ಗುಡ್ಡದ ಮಗ್ಗುಲಲ್ಲಿ ಒರತೆಯಾಗಿ ಹೊರಬೀಳುತ್ತದೆ. ತೋಟದ ಮನೆಗಳಿಗೆ ತಾನಾಗಿ ಹರಿದು ಬರುವ ಒರತೆ ನೀರು, ಅಂದರೆ ಅಬ್ಬಿ ನೀರಿನ ಮೂಲ ಎಷ್ಟೋ ಕಡೆ ಇದೇ. ಅಂದರೆ ಗಣಿಯವರು ‘ಬರ್ಡನ್’ ಎಂದು ತೆಗೆದೆಸೆಯುವುದು ಕೆಳಗಿನ ಕೇರಿಯವರ ನೀರಿನ ತೊಟ್ಟಿಯನ್ನು. ಈ ಪದವನ್ನು ‘ಹೊರೆ’ ಎಂದು ಕನ್ನಡಿಸಿದರೆ ಗಣಿಯವರ ಕಣ್ಣಿನಿಂದಲೇ ಗುಡ್ಡವನ್ನು ನೋಡಿದಂತಾಗುತ್ತದೆ. ಅದಕ್ಕೇ ಈಗ ‘ಹೊದಿಕೆ’ ಎಂದು ಬರೆದಿದ್ದೇನೆ: ಜೇಡಿಯ ಮೇಲಿನ ಹೊದಿಕೆ. ‘ಮುಚ್ಚಿಗೆ’ ಎನ್ನುವ ಆಸೆಯೂ ಇತ್ತು, ಆದರೆ ನಮ್ಮಲ್ಲಿ ಮುಚ್ಚಿಗೆ ಎಂದರೆ ಅಟ್ಟದ ಹಲಗೆ ನೆನಪಾಗುತ್ತದೆ.

ಮೇಲೆ ‘ಶೇಡಿ’ ಎಂದೆನಲ್ಲ, ಅದೂ ಒಂದು ತಕರಾರು. ಸಾರಾಂಶದಲ್ಲಿ ಎಲ್ಲವೂ ‘ಜೇಡಿಮಣ್ಣು’. ಕುಂಬಾರರ ಆವೆಮಣ್ಣು, ಹಂಚಿಗೆ ಗದ್ದೆಯಲ್ಲಿ ತೆಗೆಯುವ ಜಿಗಟು ಮಣ್ಣು, ಚಿರೆಕಲ್ಲಿನಡಿಯ ಬಿಳಿ ಶೇಡಿ, ಮೂರೂ ಒಂದೇ ಹೆಸರಿನಲ್ಲಿ ಮುಳುಗಿವೆ. ಹಬ್ಬಕ್ಕೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಶೇಡಿಯ ಗೆರೆ ಎಳೆದ ಕೈಗಳಿಗೆ ಇದು ಬೇರೆಯೇ ವಸ್ತು. ತಮಾಷೆ ಏನೆಂದರೆ ನಮ್ಮ ಕರಾವಳಿಯ ಎಂಜಿನಿಯರುಗಳು ಇಂಗ್ಲಿಷ್ ಪ್ರಬಂಧಗಳಲ್ಲೇ ‘ಶೇಡಿ ಸಾಯಿಲ್’ ಎಂದು ಬರೆಯುತ್ತಾರೆ. ಇಂಗ್ಲಿಷಿಗೆ ಹೋದ ಪದ ಕನ್ನಡ ಸಾರಾಂಶಕ್ಕೆ ಬಂದಿಲ್ಲ. ವ್ಯತ್ಯಾಸ ಬರಿಯ ಹೆಸರಿನದೂ ಅಲ್ಲ. ಶೇಡಿ ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಬಾವಿ ತೆಗೆಯುವವರು ಅಲ್ಲಿಗೆ ರಿಂಗ್ ಇಳಿಸದೆ ಮುಂದೆ ಹೋಗುವುದಿಲ್ಲ. ವರದಿ ಇದನ್ನು ‘ಇಳಿಜಾರಿನ ಅಸ್ಥಿರತೆ’ ಎಂದು ಮುಗಿಸಿದೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆಯಲ್ಲಿ ಈ ಮಾತು ಯಾರ ಎದೆಗೂ ತಾಗುವುದಿಲ್ಲ. ಪತ್ರಿಕೆಗಳು ‘ಗುಡ್ಡ ಕುಸಿತ’ ಎಂದು ಬರೆದವು. ಆದರೆ ಗಣಿಯ ಅಂಚು ಬಿದ್ದರೆ ಅದು ಗುಡ್ಡ ಕುಸಿತವಲ್ಲ, ಕಡಿದ ಧರೆ, ಅಂದರೆ ಮಣ್ಣಿನ ಕಡಿದಾದ ಗೋಡೆ, ಜರಿಯುವುದು. ನಾನು ‘ಧರೆ ಜರಿತ’ ಎಂದು ಹಾಕಿದ್ದೇನೆ, ಘಟ್ಟದ ಮೇಲಿನವರು ಒಪ್ಪುತ್ತೀರಾ?

ಉಳಿದವನ್ನು ಬೇಗ ಹೇಳುತ್ತೇನೆ. ಹಳ್ಳದ ನೀರು ಕಲಕುವುದಕ್ಕೆ ‘ಪ್ರಕ್ಷುಬ್ಧತೆ’ ಎಂದಿದೆ. ಅದು ಸಮುದ್ರಕ್ಕೋ ಸದನಕ್ಕೋ ಸರಿ. ಜೇಡಿ ಬೆರೆತ ನೀರಿಗೆ ‘ಬಗ್ಗಡ’ ಎಂಬ ಹಳೆಯ ಮಾತೇ ಇದೆ. ಆ ಬಗ್ಗಡ ಅಘನಾಶಿನಿ ನದಿಗೆ ಇಳಿದರೆ ಗಜನಿ ಗದ್ದೆಯವರಿಗೂ (ಉಪ್ಪುನೀರು ಬರುವ ಹೊಳೆಯಂಚಿನ ಗದ್ದೆ) ಬಳಚು ಎಂಬ ಚಿಪ್ಪುಜೀವಿ ಆರಿಸುವವರಿಗೂ ಬೇರೆ ವಿವರಣೆ ಬೇಕಿಲ್ಲ. ದನ ಮೇಯುವ ಬ್ಯಾಣವನ್ನು ‘ಪಾಳುಭೂಮಿ’ ಎಂದಿದ್ದಾರೆ, ಹೊಡೆದುಹಾಕಿದೆ. ಇನ್ನು ‘ಪರಿಸರ ಪ್ರಭಾವ’. ಇಲ್ಲಿ ಪ್ರಭಾವ ಎಂದರೆ ವಶೀಲಿ. ‘ಗಣಿಯವರ ಪ್ರಭಾವ ಎಷ್ಟು ಅಂತ ಬರೆದಿದಾರಾ?’ ಎಂದು ಒಬ್ಬರು ಗಂಭೀರವಾಗಿಯೇ ಕೇಳಿದರು. ‘ಪರಿಣಾಮ’ ಸಾಕು.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಯ ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿಹೇಳಬೇಕು. ಜನ ‘ಶೇಡಿ’ ಎಂದಿದ್ದು ಅಲ್ಲಿ ‘ಜೇಡಿ’ ಎಂದು ದಾಖಲಾದರೆ ಆಮೇಲೆ ತಿದ್ದುವುದು ಯಾರು?

ನನ್ನ ಪ್ರಶ್ನೆ ಎರಡೇ. ಚಿರೆಕಲ್ಲು ಕ್ವಾರಿಯಲ್ಲಿ ದುಡಿದವರು, ಕಲ್ಲು ಸಿಗುವ ಮೊದಲು ಕೆರೆದು ಹಾಕುವ ಮಣ್ಣಿಗೆ ಏನೆನ್ನುತ್ತಾರೆ? ಭಟ್ಕಳ, ಹೊನ್ನಾವರದ ಕಡೆಯವರಲ್ಲಿ ಬೇರೆ ಮಾತಿದ್ದರೆ ಅದೂ ಬೇಕು. ಎರಡನೆಯದು, ಕುಂಬಾರರ ಮನೆಗಳಲ್ಲಿ ಶೇಡಿಗೂ ಆವೆಮಣ್ಣಿಗೂ ನಡುವಿನ, ಅರೆಬರೆ ಬಿಳಿ ಮಣ್ಣಿಗೆ ಹೆಸರಿದೆಯೇ? ಕೋಶದ ಪದ ಬೇಡ, ಬಾಯಿಂದ ಕೇಳಿದ್ದನ್ನು ಬರೆಯಿರಿ. ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ.