ಪುಟ್ಟಿಗೆ ಹೇಳಿ, ಪ್ಲೇಟ್ ಮೂಸಬಾರದು ಅಂತ

ಮಗಳೇ, ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಬೆಳಿಗ್ಗೇನೇ ನೋಡಿದೆ. ಪುಟ್ಟಿ ಬಿಎಸ್ಸಿ ಮೈಕ್ರೋಬಯಾಲಜಿ ಮುಗಿಸಿ ಮಿಲಿಟರಿ ಲ್ಯಾಬಿಗೇ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ, ದೊಡ್ಡಪ್ಪ ನೀವು ಅಲ್ಲೇ ಇದ್ದವರು, ಭಯ ಏನಾದರೂ ಇದೆಯಾ ಅಂತ ಕೇಳಿದ್ದೀಯ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡಿ.

ಗಡಿ, ಗುಂಡು ಅಂತ ನೀವೆಲ್ಲ ಹೆದರುತ್ತೀರಿ. ನನ್ನನ್ನು ಮಲಗಿಸಿದ್ದು ಅಂಗೈ ಅಗಲದ ಒಂದು ಪೆಟ್ರಿ ಪ್ಲೇಟು, ಲ್ಯಾಬಲ್ಲಿ ರೋಗಾಣು ಬೆಳೆಸೋ ತಟ್ಟೆ.

1989ರಲ್ಲಿ ಉತ್ತರದ ಕಡೆ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಅಸಿಸ್ಟೆಂಟ್. ಮಿಲಿಟರಿ ಡೇರಿಯಲ್ಲಿ ಹಸು ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗ ಜ್ವರ ಬಿಡದೆ ಅಡ್ಮಿಟ್ ಆಗಿದ್ದ. ಅವನ ರಕ್ತ ಕಲ್ಚರ್‌ಗೆ ಹಾಕಿದ್ವಿ. ನಾಲ್ಕು ದಿನ ಏನೂ ಬೆಳೆಯಲಿಲ್ಲ. ಆಮೇಲೆ ಪ್ಲೇಟಿನ ಮೇಲೆ ಸಣ್ಣ ಸಣ್ಣ ಚುಕ್ಕಿ, ಗರಿಕೆ ಮೇಲೆ ಇಬ್ಬನಿ ಕೂತ ಹಾಗೆ. ಆಗ ನಮ್ಮ ಸೀನಿಯರ್‌ಗಳೆಲ್ಲ ಮೂಸಿಯೇ ಯಾವ ರೋಗಾಣು ಅಂತ ಹೇಳುತ್ತಿದ್ದರು, ದ್ರಾಕ್ಷಿ ವಾಸನೆ ಬಂದರೆ ಸ್ಯೂಡೋಮೋನಾಸ್, ನಾತ ಹೊಡೆದರೆ ಪ್ರೋಟಿಯಸ್ ಅಂತ. ನಾನೂ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಮಾಸ್ಕ್ ಇಲ್ಲ, ಗಾಳಿ ಎಳೆದುಕೊಳ್ಳೋ ಹುಡ್ ಇಲ್ಲ, ತೆರೆದ ಮೇಜು. ವಾಸನೆ ಏನೂ ಬರಲಿಲ್ಲ ಅಂತ ಇನ್ನೊಂದು ಸಲ ಎಳೆದುಕೊಂಡೆ ನೋಡು, ಎಂಥ ಬುದ್ಧಿ!

ಅದು ಬ್ರೂಸೆಲ್ಲಾ, ದನಗಳಿಂದ ಮನುಷ್ಯರಿಗೆ ಬರೋ ಜ್ವರದ ರೋಗಾಣು. ಗಾಳಿಯಲ್ಲಿ ಒಂದಿಷ್ಟು ಒಳಗೆ ಹೋದರೆ ಸಾಕು. ಮೂರು ವಾರಕ್ಕೆ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದೆ, ಸಂಜೆ ಆದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಸೊಂಟ ಹಿಡಿದುಬಿಡೋದು. ಮೊದಲು ಮಲೇರಿಯಾ ಅಂದರು, ಆಮೇಲೆ ಟೈಫಾಯ್ಡ್ ಅಂದರು. ಪುಟ್ಟಿಗೆ ಹೇಳು, ಪ್ಲೇಟ್ ಮಾತ್ರ ಯಾವತ್ತೂ ಮೂಸಬಾರದು. ಪಾಠದಲ್ಲಿ ಬಂದೇ ಇರುತ್ತೆ, ಬ್ರೂಸ್ ಅನ್ನೋನು ಬ್ರಿಟಿಷ್ ಸೈನ್ಯದ ಡಾಕ್ಟರ್, 1887ರಲ್ಲಿ ಮಾಲ್ಟಾದಲ್ಲಿ ಸತ್ತ ಸಿಪಾಯಿಗಳಲ್ಲೇ ಇದನ್ನ ಕಂಡುಹಿಡಿದಿದ್ದು. ಓದೋದು ಬೇರೆ, ಮೈಮೇಲೆ ಬರೋದು ಬೇರೆ ಕಣಮ್ಮ.

ಆ ಜ್ವರದಲ್ಲೇ ರಜೆ ಹಾಕಿ ತಂಗಿ ಮದುವೆಗೆ ಬಂದಿದ್ದೆ, ಜ್ಞಾಪಕ ಇದೆಯಾ? ಮೇ ತಿಂಗಳ ಸೆಕೆಯಲ್ಲಿ ಜಗಲಿ ಮೇಲೆ ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದೆ. ಒಬ್ಬರಾದರೂ ಬಂದು ಹಣೆ ಮುಟ್ಟಿ ನೋಡಿದರಾ? ಕ್ಯಾಂಟೀನ್ ರಮ್ ಜಾಸ್ತಿ ಆಗಿದೆ ಅಂದರು. ಅಂದವರು ಈ ಗ್ರೂಪಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ನನ್ನ ಟ್ರಂಕಿನಲ್ಲಿದ್ದ ಎರಡು ಬಾಟಲಿ ಖಾಲಿ ಮಾಡಿದವರೂ ಅವರೇ. ತಡಿ, ಕುಕ್ಕರ್ ಕೂಗುತ್ತಿದೆ.

ಹಾಂ. ವಾಪಸ್ ಹೋದ ಮೇಲೆ ನಮ್ಮ ಮೇಜರ್ ಸಾಹೇಬರಿಗೆ ಆ ಡೇರಿ ಹುಡುಗನ ಪ್ಲೇಟ್ ನೆನಪಾಗಿ ನನ್ನ ರಕ್ತ ಪರೀಕ್ಷೆ ಮಾಡಿಸಿದರು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್, ಎರಡೂ ಮಾತ್ರೆ ಆರು ವಾರ. ಅದಕ್ಕೆ ಮೂತ್ರ ಕಿತ್ತಳೆ ಹಣ್ಣಿನ ಬಣ್ಣ. ಜ್ವರ ಹೋಯಿತು, ಸೊಂಟ ನೋವು ಇವತ್ತಿಗೂ ಇದೆ. ಆದರೆ ಇದು ಲ್ಯಾಬಲ್ಲೇ ತಗುಲಿದ್ದು ಅಂತ ಲ್ಯಾಬಿನ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಲಿಲ್ಲ. ನಾನೂ ಕೇಳಲಿಲ್ಲ, ಮೂಸಿದ್ದು ನಾನೇ ಅಲ್ವಾ, ನಾಚಿಕೆ. ನಿವೃತ್ತಿ ಹೊತ್ತಿಗೆ ಆ ಸೊಂಟ ನೋವಿಗೂ ಸೇವೆಗೂ ಸಂಬಂಧ ಇಲ್ಲ ಅಂತ ಕಾಗದದಲ್ಲಿ ಬರೆದು ಕೈತೊಳೆದುಕೊಂಡರು. ಎಷ್ಟು ಅರ್ಜಿ, ಎಷ್ಟು ರಿಜಿಸ್ಟರ್ಡ್ ಪೋಸ್ಟ್! ನಿಮ್ಮ ದೊಡ್ಡಮ್ಮ ಇವತ್ತಿಗೂ ಆ ಫೈಲ್ ಕಂಡರೆ ಒಲೆಗೆ ಹಾಕುತ್ತೇನೆ ಅನ್ನುತ್ತಾಳೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ. ಬಿಎಸ್ಸಿ, ಎಂಎಸ್ಸಿ ಮೇಲೆ ಆರ್ಮಿ ಮೆಡಿಕಲ್ ಕೋರ್‌ನಲ್ಲಿ ಮೈಕ್ರೋಬಯಾಲಜಿ ಆಫೀಸರ್ ಆಗೋಕೆ ಆಗಲ್ಲ. ಅಲ್ಲಿ ಎಂಬಿಬಿಎಸ್ ಬೇಕು, ಅದರ ಮೇಲೆ ಎಂಡಿ. ನಮ್ಮ ಮೇಜರ್ ಸಾಹೇಬರು ಪುಣೆಯ ಮಿಲಿಟರಿ ಮೆಡಿಕಲ್ ಕಾಲೇಜು ಎಎಫ್‌ಎಂಸಿಯಲ್ಲಿ ಓದಿದವರು. ಡಿಗ್ರಿ ಇಟ್ಟುಕೊಂಡು ಸೈನ್ಯಕ್ಕೆ ಆಫೀಸರ್‌ಗಳನ್ನ ಆರಿಸೋ ಸಿಡಿಎಸ್ ಪರೀಕ್ಷೆ ಬರೆದು ಆಫೀಸರ್ ಆಗಬಹುದು, ಯೂನಿಫಾರ್ಮ್ ಸಿಗುತ್ತೆ, ಮೈಕ್ರೋಸ್ಕೋಪ್ ಸಿಗಲ್ಲ. ಅವಳಿಗೆ ಬೇಕಾಗಿರೋದು ಲ್ಯಾಬೇ ಆದರೆ ಸೈನ್ಯಕ್ಕಾಗಿ ಸಂಶೋಧನೆ ಮಾಡೋ ಸಂಸ್ಥೆ ಡಿಆರ್‌ಡಿಓ ನೋಡಲಿ. ಗ್ವಾಲಿಯರ್‌ನಲ್ಲಿ ಡಿಆರ್‌ಡಿಇ ಅನ್ನೋ ಅದರ ಲ್ಯಾಬ್ ಇದೆ, ರೋಗಾಣು, ವಿಷಾನಿಲದಿಂದ ಸೈನ್ಯವನ್ನ ಕಾಪಾಡೋ ಕೆಲಸ. ನಮ್ಮ ಮೈಸೂರಲ್ಲೇ ಡಿಎಫ್‌ಆರ್‌ಎಲ್ ಅಂತ ಅದರದೇ ಆಹಾರದ ಲ್ಯಾಬ್ ಇದೆ, 1961ರಲ್ಲಿ ಶುರುವಾಗಿದ್ದು, ಸಿಯಾಚಿನ್‌ವರೆಗೆ ಹೋಗೋ ಪೊಟ್ಟಣದ ಊಟ ಕೆಡದ ಹಾಗೆ ಮಾಡಿದ ಜಾಗ. ಅಲ್ಲೆಲ್ಲ ವಿಜ್ಞಾನಿಗಳು ಸಿವಿಲಿಯನ್‌ಗಳು, ರೈಫಲ್ ಹಿಡಿಯೋ ಮಾತೇ ಇಲ್ಲ, ನೀನು ನೆಮ್ಮದಿಯಾಗಿ ಮಲಗು. ಮೊದಲು ಎಂಎಸ್ಸಿ ಮಾಡಲಿ. ಜೊತೆಗೆ ನೆಟ್ ಪರೀಕ್ಷೆ ಬರೆಯಲಿ, ಗೇಟ್‌ನಲ್ಲಿ ಲೈಫ್ ಸೈನ್ಸಸ್ ಪೇಪರ್ ತಗೊಂಡರೆ ಮೈಕ್ರೋಬಯಾಲಜಿ ವಿಭಾಗವೂ ಇದೆ. ಜೆಆರ್‌ಎಫ್, ಅಂದರೆ ಸ್ಟೈಪೆಂಡ್ ತಗೊಂಡು ಸಂಶೋಧನೆ ಮಾಡೋ ಫೆಲೋ ಆಗಿ ಒಳಗೆ ಹೋಗೋದು ಸುಲಭದ ದಾರಿ. ಕಾಯಂ ಕೆಲಸಕ್ಕೆ ಮೈಕ್ರೋಬಯಾಲಜಿಯಲ್ಲಿ ಪ್ರತಿ ವರ್ಷ ಜಾಗ ಕರೆಯುತ್ತಾರೆ ಅಂತ ನಂಬಿ ಕೂರಬಾರದು.

ಮತ್ತೆ ಹೇಳುತ್ತಿದ್ದೇನೆ, ಪ್ಲೇಟ್ ಮೂಸಬಾರದು, ಯಾವ ಸೀನಿಯರ್ ಹೇಳಿದರೂ ಸರಿ. ಏನಾದರೂ ಚೆಲ್ಲಿದರೆ, ಕೈ ಕೊಯ್ದುಕೊಂಡರೆ ಅವತ್ತೇ ರಿಜಿಸ್ಟರಿನಲ್ಲಿ ಬರೆಸಿ, ಆ ಪುಟದ ಒಂದು ಕಾಪಿ ಕೇಳಿ ತಗೊಂಡು ಮನೆಗೆ ಕಳಿಸಲಿ. ನಾನು ನನ್ನ ಫೈಲ್ ಜೊತೆಗೇ ಇಟ್ಟುಕೊಳ್ಳುತ್ತೇನೆ.