ಅಪ್‌ಡೇಟ್: ಎಲೆಚುಕ್ಕಿ ಬಂದ ಅಡಿಕೆ ತೋಟ ಬಿಡಲಿಲ್ಲ

ಕೊಪ್ಪದ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಎಲ್ಲ ಬಿಟ್ಟು ಬೆಂಗಳೂರಿಗೆ ಹೋಗಲಾ ಅಂತ ಎರಡು ಮಳೆಗಾಲದ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಹೋಗಲಿಲ್ಲ.

ದಿನಕ್ಕೆ 20 ಮರ ಅಂತ ಹಿಡಿದೆ. ಚುಕ್ಕಿ ಜಾಸ್ತಿ ಇದ್ದ ಸೋಗೆ (ಅಡಿಕೆ ಗರಿ) ಕೊಯ್ದು ಸುಟ್ಟೆ. ಈ ರೋಗ ತರುವ ಶಿಲೀಂಧ್ರ ಗಾಳಿ, ಮಳೆಹನಿಯಲ್ಲೇ ಹರಡುತ್ತದೆ ಅಲ್ವಾ. ಆಮೇಲೆ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆದೆ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಕಬ್ಬಿಣದ ಚಾಕು ಅದ್ದಿದಾಗ ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. (ಇದನ್ನು ಹೇಳಿಕೊಟ್ಟವರು ನಿಮ್ಮಲ್ಲೇ ಒಬ್ಬರು, ಥ್ಯಾಂಕ್ಸ್!)

ಕಳೆದ ವರ್ಷ ಪಕ್ಕದ ತೋಟದವರು ಔಷಧಿ ಹೊಡೆಯಲಿಲ್ಲ. ನಮ್ಮದಕ್ಕೆ ಮತ್ತೆ ಬಂತು. ಅವತ್ತು ನಿಜಕ್ಕೂ ಅತ್ತುಬಿಟ್ಟೆ. ಈ ಸಲ ಅವರ ಮನೆಗೆ ಹೋಗಿ ಮಾತಾಡಿ, ಇಬ್ಬರೂ ಒಂದೇ ವಾರ ಹೊಡೆಸಿದೆವು. ಫಸಲು ಮೊದಲಿನ ಅರ್ಧ ಅಷ್ಟೇ. ಆದರೆ ಹೊಸ ಸೋಗೆ ಹಸಿರಾಗಿವೆ.